ಬನಾರಸ್‌ನ ನಗವಾದಲ್ಲಿ ನೆಲಮಹಡಿಯ ಕೋಣೆ ಹಿಡಿಯಬೇಡಿ

ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಓದಲು ಬರುವ ಕನ್ನಡದ ಹುಡುಗ ಹುಡುಗಿಯರಿಗೂ ಅವರನ್ನು ಅಷ್ಟು ದೂರ ಕಳುಹಿಸುವ ತಂದೆತಾಯಂದಿರಿಗೂ ಇದನ್ನು ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹತ್ತಿರ ಗಂಗೆಯ ಕಡೆಗಿರುವ ನಗವಾ, ಸಾಮ್ನೆ ಘಾಟ್ ಬಡಾವಣೆಗಳಲ್ಲಿ ಮತ್ತು ಅಸ್ಸಿ ನಾಲೆಯ ಇಕ್ಕೆಲದ ತಗ್ಗಿನಲ್ಲಿ ನೆಲಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿಯಬೇಡಿ. ಬಾಡಿಗೆ ಎಷ್ಟೇ ಕಡಿಮೆಯಿರಲಿ, ಮಾಲೀಕರು ಎಷ್ಟೇ ಒಳ್ಳೆಯ ಮಾತಾಡಲಿ, ಬೇಡ. 2022ರ ಆಗಸ್ಟ್ ಕೊನೆಯ ವಾರ ನಾನೂ ಹಾವೇರಿ ಕಡೆಯ ನನ್ನ ಗೆಳತಿಯೂ ಅಂಥದೊಂದು ಕೋಣೆಯಿಂದ ಕತ್ತಲಲ್ಲಿ, ತೊಡೆಮಟ್ಟದ ಕೊಳಚೆ ನೀರಿನಲ್ಲಿ ಹೊರಗೆ ಬಂದೆವು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಕಳೆದುಕೊಂಡದ್ದು ಸಣ್ಣದಲ್ಲ, ಮತ್ತು ಅದರಲ್ಲಿ ಒಂದೂ ನಮಗೆ ಮೊದಲೇ ತಿಳಿಯಲಾಗದ ಸಂಗತಿ ಆಗಿರಲಿಲ್ಲ. ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಮಗೆ ಮಾತ್ರ ಯಾರೂ ಹೇಳಿರಲಿಲ್ಲ.

ಈ ಕಡೆಗೆ ವಿದ್ಯಾರ್ಥಿಗಳು ಏಕೆ ಬರುತ್ತಾರೆ ಎನ್ನುವುದು ಸ್ಪಷ್ಟ. ವಿಶ್ವವಿದ್ಯಾಲಯದ ಹಾಸ್ಟೆಲ್ ಎಲ್ಲರಿಗೂ ಸಿಗುವುದಿಲ್ಲ. ಲಂಕಾ ಎಂಬ ಬಡಾವಣೆಯಲ್ಲಿ, ವಿಶ್ವವಿದ್ಯಾಲಯದ ಮುಖ್ಯ ಬಾಗಿಲಾದ ಸಿಂಹದ್ವಾರದ ಎದುರು ಬಾಡಿಗೆ ಹೆಚ್ಚು. ಅಲ್ಲಿಂದ ನದಿಯ ಕಡೆಗೆ ನಡೆದಂತೆಲ್ಲ ಬಾಡಿಗೆ ಇಳಿಯುತ್ತದೆ, ಗಂಗೆ ಹತ್ತಿರವಾಗುತ್ತಾಳೆ. ಬೆಳಗ್ಗೆ ಎದ್ದು ಅಸ್ಸಿ ಘಾಟಿಗೆ ನಡೆದು ಹೋಗಬಹುದು, ಸಂಜೆ ತುಳಸಿ ಘಾಟಿನ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂರಬಹುದು, ಸಂಕಟಮೋಚನ ದೇವಸ್ಥಾನದ ಸಂಗೀತ ಸಮಾರೋಹಕ್ಕೆ ರಾತ್ರಿಯಿಡೀ ಕುಳಿತು ನಡೆದೇ ಮನೆಗೆ ಬರಬಹುದು. ನಾನು ಸಂಶೋಧನೆಗೆಂದು ಸೇರಿದ್ದು ಚಳಿಗಾಲದಲ್ಲಿ. ಆಗ ಗಂಗೆ ಘಾಟಿನ ಕೊನೆಯ ಮೆಟ್ಟಿಲಿಗಿಂತ ಕೆಳಗೆ, ಮಣ್ಣಿನ ದಂಡೆಯನ್ನೂ ದಾಟಿ ಹರಿಯುತ್ತಿರುತ್ತಾಳೆ. ಆ ನೀರು ನಮ್ಮ ಕೋಣೆಯವರೆಗೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೂ ನಂಬುವುದು ಕಷ್ಟವಿತ್ತು.

ನಾನು ಕೇಳಿದ್ದೆ. ಮಲೆನಾಡಿನಲ್ಲಿ ಬೆಳೆದವಳಾದ್ದರಿಂದ ಹೊಳೆಯ ಬಳಿ ಮನೆ ಎಂದರೆ ಮೊದಲು ಬಾಯಿಗೆ ಬರುವ ಪ್ರಶ್ನೆಯೇ ಅದು. "ಮಳೆಗಾಲದಲ್ಲಿ ಇಲ್ಲಿಗೆ ನೀರು ಬರುತ್ತದೆಯೇ?" ಮಾಲೀಕರು ನಕ್ಕರು. "ಮಗಳೇ, ಗಂಗಾ ಮಯ್ಯಾ ಅಷ್ಟು ದೂರದಲ್ಲಿದ್ದಾಳೆ. ಅವಳು ಘಾಟಿನ ಮೆಟ್ಟಿಲು ಹತ್ತಿ ಅಲ್ಲೇ ನಿಲ್ಲುತ್ತಾಳೆ" ಎಂದರು. ಆ ಮಾತಿನಲ್ಲಿ ಅರ್ಧ ನಿಜವಿತ್ತು. ಆ ಅರ್ಧವೇ ನಮ್ಮನ್ನು ಮೋಸಗೊಳಿಸಿತು.

ಬನಾರಸ್ಸಿನ ಹಳೆಯ ಪಟ್ಟಣ ನಿಂತಿರುವುದು ಎತ್ತರದ ದಂಡೆಯ ಮೇಲೆ. ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಬಿಲ್ಲಿನಂತೆ ಬಾಗಿ ಹರಿಯುತ್ತಾಳೆ. ಬಾಗಿನ ಹೊರಮೈಯಲ್ಲಿ, ಗಟ್ಟಿ ನೆಲದ ದಿಣ್ಣೆಯ ಮೇಲೆ ಘಾಟುಗಳೂ ಗಲ್ಲಿಗಳೂ ಇವೆ. ಭದೈನಿ, ಶಿವಾಲಾ, ಹನುಮಾನ್ ಘಾಟ್, ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್, ಕೇದಾರ ಘಾಟ್ ಇವೆಲ್ಲ ಆ ದಿಣ್ಣೆಯ ಮೇಲಿರುವಂಥವು. ಅಲ್ಲಿ ಪ್ರವಾಹ ಬಂದರೆ ಮೆಟ್ಟಿಲುಗಳು ಮುಳುಗುತ್ತವೆ, ಮೇಲಿನ ಮನೆಗಳು ಉಳಿಯುತ್ತವೆ. ಆದರೆ ದಕ್ಷಿಣದ ತುದಿಯಲ್ಲಿ, ಅಸ್ಸಿಯಿಂದ ವಿಶ್ವವಿದ್ಯಾಲಯದ ಕಡೆಗೆ, ನೆಲ ಇಳಿಯುತ್ತದೆ. ವರುಣಾ ಮತ್ತು ಅಸ್ಸಿ ನದಿಗಳ ನಡುವಿನ ಊರು ವಾರಾಣಸಿ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಅಸ್ಸಿ ಇಂದು ಒಂದು ಕೊಳಚೆ ನಾಲೆ. ದಶಕಗಳ ಹಿಂದೆಯೇ ಅದರ ದಿಕ್ಕನ್ನು ತಿರುಗಿಸಿ ನಗವಾದ ಬಳಿ ಗಂಗೆಗೆ ಸೇರಿಸಿದ್ದಾರೆ. ಗಂಗೆ ಏರಿದಾಗ ನಾಲೆಯ ನೀರು ಹೊರಹೋಗಲಾರದೆ ನಿಲ್ಲುತ್ತದೆ; ಇನ್ನೂ ಏರಿದರೆ ಗಂಗೆಯೇ ನಾಲೆಯೊಳಗೆ ಹಿಮ್ಮುಖವಾಗಿ ನುಗ್ಗುತ್ತಾಳೆ. ಆದ್ದರಿಂದ ನೀರು ಬರುವುದು ಘಾಟಿನ ಕಡೆಯಿಂದಲ್ಲ, ಮನೆಯ ಹಿಂದಿನಿಂದ. ನೀವು ನದಿಯನ್ನು ನೋಡುತ್ತ ನಿಂತಿರುತ್ತೀರಿ, ಬೆನ್ನ ಹಿಂದೆ ಬೀದಿ ಮುಳುಗುತ್ತಿರುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯ. ಬನಾರಸ್ಸಿನ ಪ್ರವಾಹಕ್ಕೆ ಬನಾರಸ್ಸಿನಲ್ಲಿ ಮಳೆ ಬರಬೇಕಾಗಿಲ್ಲ. 2022ರಲ್ಲಿ ಪೂರ್ವ ಉತ್ತರ ಪ್ರದೇಶಕ್ಕೆ ಮುಂಗಾರು ಕೈಕೊಟ್ಟಿತ್ತು. ಆಗಸ್ಟ್‌ನಲ್ಲಿ ಬಿಸಿಲು ಸುಡುತ್ತಿತ್ತು, ಸುತ್ತಲಿನ ರೈತರು ಭತ್ತದ ಗದ್ದೆಗೆ ನೀರಿಲ್ಲವೆಂದು ಗೋಳಾಡುತ್ತಿದ್ದರು. ಆಗ ಮಳೆ ಸುರಿದದ್ದು ನೂರಾರು ಕಿಲೋಮೀಟರ್ ದೂರದ ಮಧ್ಯ ಪ್ರದೇಶ ಮತ್ತು ರಾಜಸ್ಥಾನದಲ್ಲಿ. ಚಂಬಲ್ ನದಿಗೆ ಕಟ್ಟಿದ ಕೋಟಾ ಬ್ಯಾರೇಜಿನ ಗೇಟುಗಳನ್ನು ತೆರೆದರು, ಚಂಬಲ್ ತುಂಬಿತು, ಚಂಬಲ್ ಯಮುನೆಗೆ ಬಂದಿತು, ಯಮುನೆ ಪ್ರಯಾಗದಲ್ಲಿ ಗಂಗೆಯನ್ನು ಸೇರಿತು. ಆ ನೀರು ನಮ್ಮ ಬಾಗಿಲಿಗೆ ಬರಲು ಹಲವು ದಿನಗಳು ಬೇಕಾದವು. ಅಷ್ಟು ದಿನವೂ ನಾವು ಬಿಸಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ನಮ್ಮೂರಿನಲ್ಲಿ ಮಳೆಯ ಸದ್ದು ಕೇಳಿಯೇ ಹೊಳೆಯ ಹದ ಅಂದಾಜು ಮಾಡುತ್ತೇವೆ. ಇಲ್ಲಿ ಆ ಅನುಭವ ಕೆಲಸಕ್ಕೆ ಬರುವುದಿಲ್ಲ.

ಮೊದಲು ಬದಲಾದದ್ದು ಬಚ್ಚಲು. ನೀರು ಹೋಗುವ ತೂತಿನಿಂದ ಗುಳುಗುಳು ಸದ್ದು ಬಂದಿತು. ಸಂಜೆಯ ಹೊತ್ತಿಗೆ ಶೌಚಾಲಯದ ಗುಂಡಿಯಿಂದ ಕಪ್ಪು ನೀರು ಮೇಲಕ್ಕೆ ಉಕ್ಕತೊಡಗಿತು. ಬೀದಿ ಇನ್ನೂ ಒಣಗಿಯೇ ಇತ್ತು. ಮಾಲೀಕರು ಮಹಡಿಯಿಂದಲೇ "ಪೈಪು ಕಟ್ಟಿಕೊಂಡಿದೆ, ನಾಳೆ ಜನ ಕಳುಹಿಸುತ್ತೇನೆ" ಎಂದು ಕೂಗಿದರು. ಆ ಹೊತ್ತಿಗೆ ಅವರ ಸ್ಕೂಟರ್ ಅಂಗಳದಲ್ಲಿ ಇರಲಿಲ್ಲ, ನೆಲಮಹಡಿಯ ಅವರ ಉಗ್ರಾಣ ಖಾಲಿಯಾಗಿತ್ತು. ಇದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ತನ್ನ ಸ್ಕೂಟರನ್ನು ಸಾಗಿಸಲು ಸಮಯ ಮಾಡಿಕೊಂಡ ಮನುಷ್ಯನಿಗೆ ಕೆಳಗಿರುವ ಇಬ್ಬರು ಹುಡುಗಿಯರಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲ.

ರಾತ್ರಿ ವಿದ್ಯುತ್ ಹೋಯಿತು. ಪ್ರವಾಹ ಬಂದ ಬಡಾವಣೆಗಳಲ್ಲಿ ಶಾಕ್ ತಗಲಬಾರದೆಂದು ಪೂರೈಕೆ ನಿಲ್ಲಿಸುತ್ತಾರೆ, ಅದು ಸರಿಯೇ. ಆದರೆ ಅದರೊಂದಿಗೆ ಪಂಪು ನಿಲ್ಲುತ್ತದೆ, ಕುಡಿಯುವ ನೀರು ನಿಲ್ಲುತ್ತದೆ, ಮೊಬೈಲ್ ಸತ್ತುಹೋಗುತ್ತದೆ. ಇಲ್ಲಿ ನೀರು ಅಬ್ಬರಿಸಿ ಬರುವುದಿಲ್ಲ. ಗಂಟೆಗೆ ಇಷ್ಟು ಸೆಂಟಿಮೀಟರ್ ಎಂಬ ಲೆಕ್ಕದಲ್ಲಿ, ಸದ್ದಿಲ್ಲದೆ, ಅಲುಗಾಡದೆ ಏರುತ್ತದೆ. ಹೊಸ್ತಿಲಿಗೆ ಅಡ್ಡವಾಗಿ ಇಟ್ಟಿಗೆ ಇಟ್ಟು ಮಂಚದ ಮೇಲೆ ಪುಸ್ತಕಗಳನ್ನು ಪೇರಿಸಿ ಕುಳಿತೆವು. ನೀರು ಇಟ್ಟಿಗೆಯನ್ನು ದಾಟಲಿಲ್ಲ. ಬಚ್ಚಲಿನಿಂದ ಒಳಗೆ ಬಂದಿತು. ಮಂಚದ ಕೆಳಗಿನ ಟ್ರಂಕಿನಲ್ಲಿ ಗೆಳತಿಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಿಂದ ಹಿಡಿದು ಸ್ನಾತಕೋತ್ತರ ಪದವಿ ಪ್ರಮಾಣಪತ್ರದವರೆಗೆ ಎಲ್ಲವೂ ಇದ್ದವು. ಟ್ರಂಕನ್ನು ಎತ್ತಿದಾಗ ಅದರ ಮೂಲೆಗಳಿಂದ ನೀರು ಸುರಿಯುತ್ತಿತ್ತು. ಬೀದಿಯ ಹುಡುಗರು ಟಾರ್ಚ್ ಹಿಡಿದು, ಕೋಲಿನಿಂದ ಮುಂದಿನ ನೆಲವನ್ನು ತಡವುತ್ತ, ತೆರೆದ ಚರಂಡಿಗಳನ್ನು ತಪ್ಪಿಸಿ ನಮ್ಮನ್ನು ರಸ್ತೆಗೆ ತಂದರು. ಅವರಲ್ಲಿ ಒಬ್ಬ ಹೇಳಿದ: "ದೀದಿ, ಈ ಕೋಣೆಗೆ ಕಳೆದ ವರ್ಷವೂ ನೀರು ಬಂದಿತ್ತು."

ಹೌದು, 2021ರಲ್ಲೂ ಬಂದಿತ್ತು. 2013, 2016ರಲ್ಲೂ ಗಂಗೆ ಇಲ್ಲಿ ಅಪಾಯದ ಮಟ್ಟ ದಾಟಿದ್ದಳು. ನಾನು ಬಿಟ್ಟುಬಂದ ಮೇಲೆ 2025ರ ಆಗಸ್ಟ್‌ನಲ್ಲಿ ಮತ್ತೆ ದಾಟಿದಳು. ಇದು ಯಾವಾಗಲೋ ಒಮ್ಮೆ ಎರಗುವ ಆಪತ್ತಲ್ಲ.

ಆ ವರ್ಷ ಗೌರಿ ಹಬ್ಬ ಆಗಸ್ಟ್ 30ಕ್ಕೆ, ಗಣೇಶ ಚತುರ್ಥಿ ಮರುದಿನ. ಎರಡನ್ನೂ ವಿಶ್ವವಿದ್ಯಾಲಯದ ಒಳಗೆ ಹಿರಿಯ ವಿದ್ಯಾರ್ಥಿನಿಯೊಬ್ಬರ ಕೋಣೆಯ ನೆಲದ ಮೇಲೆ ಕಳೆದೆವು. ಹಬ್ಬದ ದಿನ ಅಮ್ಮ ಫೋನ್ ಮಾಡಿದಾಗ ಏನೂ ಹೇಳಲಿಲ್ಲ. ಅತ್ತ ದಶಾಶ್ವಮೇಧ ಘಾಟಿನ ಗಂಗಾ ಆರತಿ ಛಾವಣಿಗೆ ಏರಿತ್ತು, ಹರಿಶ್ಚಂದ್ರ ಘಾಟಿನ ಚಿತೆಗಳು ಮೇಲಿನ ಗಲ್ಲಿಗೆ ಬಂದಿದ್ದವು.

ನೀರು ಇಳಿದ ಮೇಲೆ ಕೋಣೆಗೆ ಹೋದೆವು. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕಂದು ಗೆರೆ, ನೆಲದ ಮೇಲೆ ಜಾರುವ ಕೆಸರು, ಹಾಸಿಗೆಯಿಂದ ಉಸಿರು ಕಟ್ಟಿಸುವ ವಾಸನೆ. ಮಾಲೀಕರು ಆಗಸ್ಟ್ ತಿಂಗಳ ಬಾಡಿಗೆಯನ್ನು ಪೂರ್ತಿ ಕೇಳಿದರು. ಕೋಣೆ ಖಾಲಿ ಮಾಡುತ್ತೇವೆ ಎಂದಾಗ, ನೋಟಿಸ್ ಕೊಟ್ಟಿಲ್ಲವಾದ್ದರಿಂದ ಮುಂಗಡ ಹಿಂದಿರುಗಿಸುವುದಿಲ್ಲ ಎಂದರು. ಕೆಸರು ತೆಗೆಸಿದ ಖರ್ಚನ್ನೂ ಅದರಲ್ಲೇ ಮುರಿದುಕೊಂಡರು. ಮೂರು ತಿಂಗಳ ಬಾಡಿಗೆ ಮುಂಗಡವಾಗಿ ಕೊಟ್ಟಿದ್ದೆವು. ಉತ್ತರ ಪ್ರದೇಶದ 2021ರ ಬಾಡಿಗೆ ಕಾನೂನಿನ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ಕರಾರು ಬರವಣಿಗೆಯಲ್ಲಿರಬೇಕು. ನಮ್ಮ ಬಳಿ ಕರಾರೇ ಇರಲಿಲ್ಲ. "ವಿದ್ಯಾರ್ಥಿಗಳಿಗೆಲ್ಲ ಕಾಗದ ಏಕೆ, ನೀವು ನಮ್ಮ ಮಕ್ಕಳಿದ್ದಂತೆ" ಎಂದು ತಪ್ಪಿಸಿಕೊಂಡಿದ್ದರು. ಕೋಣೆ ತೋರಿಸಿ ಕಮಿಷನ್ ಪಡೆದ ದಲ್ಲಾಳಿ ಫೋನ್ ತೆಗೆಯುವುದನ್ನೇ ನಿಲ್ಲಿಸಿದ. ಹಣವಾದರೂ ಹೋಗಲಿ. ಗೆಳತಿ ಅಂಕಪಟ್ಟಿಗಳ ನಕಲಿಗಾಗಿ ಪೊಲೀಸ್ ಠಾಣೆ, ಅಫಿಡವಿಟ್, ಹಳೆಯ ಶಾಲೆ, ಕಾಲೇಜು, ವಿಶ್ವವಿದ್ಯಾಲಯ ಎಂದು ಕಚೇರಿಯಿಂದ ಕಚೇರಿಗೆ ಅಲೆದಳು. ಅರ್ಜಿ ಹಾಕಬೇಕಿದ್ದ ಒಂದು ಉದ್ಯೋಗದ ಕೊನೆಯ ದಿನಾಂಕ ಅಷ್ಟರಲ್ಲಿ ಮುಗಿದುಹೋಯಿತು. ಅದನ್ನು ಯಾವ ಮಾಲೀಕ ಹಿಂದಿರುಗಿಸುತ್ತಾನೆ?

ಕೋಣೆ ನೋಡಲು ಹೋದಾಗ ಗೋಡೆಯನ್ನು ನೋಡಿ. ಸೊಂಟದವರೆಗೆ ಹೊಸ ಬಣ್ಣ, ಅದರ ಮೇಲೆ ಹಳೆಯ ಬಣ್ಣವಿದ್ದರೆ ಏಕೆಂದು ಕೇಳಿ. ನಮ್ಮ ಕೋಣೆಯಲ್ಲಿ ಹಾಗೆಯೇ ಇತ್ತು, ಅಲಂಕಾರಕ್ಕೆಂದು ಹೇಳಿದ್ದರು. ವಿದ್ಯುತ್ ಮೀಟರ್, ಸ್ವಿಚ್ ಬೋರ್ಡುಗಳು ತಲೆಗಿಂತ ಮೇಲಿದ್ದರೆ, ಕಪಾಟು ಇಟ್ಟಿಗೆಯ ಮೇಲೆ ಕುಳಿತಿದ್ದರೆ, ಮರದ ಬಾಗಿಲಿನ ಕೆಳಗಿನ ಪಟ್ಟಿ ಮಾತ್ರ ಕೊಳೆತು ಉಬ್ಬಿದ್ದರೆ, ಆ ಮನೆ ನೀರನ್ನು ಕಂಡಿದೆ. ಮಾಲೀಕರನ್ನು ಕೇಳುವುದಕ್ಕಿಂತ ಎದುರಿನ ಚಹಾ ಅಂಗಡಿಯವರನ್ನು, ಹಾಲು ತರುವವರನ್ನು ಕೇಳಿ. "ನೀರು ಬರುತ್ತದೆಯೇ" ಎಂದು ಕೇಳಬೇಡಿ, "ಕಳೆದ ಬಾರಿ ನೀರು ಎಲ್ಲಿಯವರೆಗೆ ಬಂದಿತ್ತು" ಎಂದು ಕೇಳಿ. ಹಾಗೆ ಕೇಳಿದರೆ ಜನ ಕೈ ತೋರಿಸಿ ಹೇಳುತ್ತಾರೆ. ಮುದುಕರಾದರೆ 1978ರ ಗುರುತನ್ನೂ ತೋರಿಸುತ್ತಾರೆ. ಆ ವರ್ಷ ಗಂಗೆ ಇಲ್ಲಿ 73.901 ಮೀಟರ್ ಮುಟ್ಟಿದ್ದಳು, ಅದೇ ಇಂದಿಗೂ ದಾಖಲೆ.

ವಿಶ್ವವಿದ್ಯಾಲಯದ ಹತ್ತಿರವೇ ಇರಬೇಕೆಂದರೆ ನದಿಗೆ ಬೆನ್ನು ಹಾಕಿ ಹುಡುಕಿ: ದುರ್ಗಾಕುಂಡದ ಎತ್ತರದ ಭಾಗ, ಲಂಕಾದ ಮುಖ್ಯರಸ್ತೆಯ ಪಶ್ಚಿಮ. ಅಲ್ಲಿಯೂ ನಾಲೆ ಎಲ್ಲಿ ಹರಿಯುತ್ತದೆ ಎಂದು ನೋಡಿಕೊಳ್ಳಿ. ನದಿಯೇ ಬೇಕೆಂದರೆ ಭದೈನಿ, ಶಿವಾಲಾ, ಹನುಮಾನ್ ಘಾಟಿನ ಹಳೆಯ ಗಲ್ಲಿಗಳಲ್ಲಿ ಮೇಲಿನ ಮಹಡಿ ಹಿಡಿಯಿರಿ. ದಕ್ಷಿಣ ಭಾರತದವರು ಬಹುಕಾಲದಿಂದ ನೆಲೆಸಿರುವ ಭಾಗವದು. ದಿನವೂ ಸ್ವಲ್ಪ ಹೆಚ್ಚು ನಡೆಯಬೇಕಾಗುತ್ತದೆ, ಅಷ್ಟೇ. ಗಂಗಾ ತೀರದ 200 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿರ್ಬಂಧವಿರುವುದರಿಂದ, ನದಿಗೆ ತೀರಾ ಹತ್ತಿರದಲ್ಲಿ ಹೊಸದಾಗಿ ಎದ್ದ ಕಟ್ಟಡ ಕಂಡರೆ ಅನುಮತಿಯ ಬಗ್ಗೆಯೂ ವಿಚಾರಿಸಿ.

ಈಗಾಗಲೇ ಇಂಥ ಕೋಣೆಯಲ್ಲಿ ಇರುವವರು ಜುಲೈ ಮುಗಿಯುವುದರೊಳಗೆ ಮೂಲ ಪ್ರಮಾಣಪತ್ರಗಳನ್ನು ಮಹಡಿಯ ಮೇಲಿರುವ ಸ್ನೇಹಿತರಿಗೆ ಕೊಟ್ಟುಬಿಡಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಡಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಿಮ್ಮ ತಲೆಯ ಮೇಲಿನ ಆಕಾಶವನ್ನು ನಂಬದೆ ಚಂಬಲ್ ದಡದ ಕೋಟಾ, ಧೋಲ್‌ಪುರ ಮತ್ತು ಪ್ರಯಾಗದ ಸುದ್ದಿಯನ್ನು ಓದಿ. ಬನಾರಸ್ಸಿನ ರಾಜಘಾಟಿನಲ್ಲಿ ಕೇಂದ್ರ ಜಲ ಆಯೋಗ ಅಳೆಯುವ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ: ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262 ಮೀಟರ್. ತಗ್ಗಿನ ಬೀದಿಗಳಿಗೆ ಅಪಾಯದ ಮಟ್ಟ ಮುಟ್ಟುವ ಮೊದಲೇ ನೀರು ಬರುತ್ತದೆ, ಆದ್ದರಿಂದ ಎಚ್ಚರಿಕೆಯ ಮಟ್ಟ ಸಮೀಪಿಸಿದ ದಿನವೇ, ಹಗಲಿನಲ್ಲೇ ಹೊರಟುಬಿಡಿ. ಹೊರಡುವಾಗ ಮೇನ್ ಸ್ವಿಚ್ ಆರಿಸಿ, ಕೋಣೆಯ ಪ್ರತಿ ಮೂಲೆಯ ಫೋಟೊ ತೆಗೆದುಕೊಳ್ಳಿ, ಮಾಲೀಕರಿಗೆ ಮಾತಿನಲ್ಲಲ್ಲದೆ ಸಂದೇಶ ಕಳುಹಿಸಿ ತಿಳಿಸಿ. ಹೊಸದಾಗಿ ಕೋಣೆ ಹಿಡಿಯುವವರು ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ನೀರು ನುಗ್ಗಿ ಕೋಣೆ ವಾಸಕ್ಕೆ ಬಾರದಾದರೆ ಆ ಅವಧಿಯ ಬಾಡಿಗೆ ಇಲ್ಲ, ಬಿಟ್ಟುಹೋಗುವುದಾದರೆ ಮುಂಗಡ ಪೂರ್ತಿ ವಾಪಸು. ಆ ಸಾಲಿಗೆ ಸಹಿ ಹಾಕಲು ಹಿಂಜರಿಯುವ ಮಾಲೀಕರಿಗೆ ತಮ್ಮ ಮನೆಯ ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿಂದ ಎದ್ದು ಬನ್ನಿ.