ಆಪರೇಷನ್‌ಗೆ ಐದು ಸ್ಟಾರ್, ಆಮೇಲಿನ ಕಾಳಜಿಗೆ ಒಂದೇ

ನನ್ನ ಅಕ್ಕನಿಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ (ಊಟ ಹೊಟ್ಟೆಯ ಬಹುಭಾಗವನ್ನು ಬಿಟ್ಟು ಮುಂದೆ ಹೋಗುವಂತೆ ಮಾಡುವ ಆಪರೇಷನ್) ಮಾಡಿಸಿದೆವು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆಪರೇಷನ್ ಬಗ್ಗೆ ಒಂದೇ ಒಂದು ದೂರಿಲ್ಲ. ಸರ್ಜನ್ ನಮ್ಮ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟರು, ಗಾಯ ಬೇಗ ಒಣಗಿತು, ಶುಗರ್ ಹತೋಟಿಗೆ ಬಂತು, ಮಂಡಿ ಹಿಡಿದುಕೊಳ್ಳದೆ ಅವಳು ಮೆಟ್ಟಿಲು ಹತ್ತಿದ್ದನ್ನು ನೋಡಿ ಅಮ್ಮ ಅತ್ತೇಬಿಟ್ಟರು. ಅಷ್ಟಕ್ಕೆ ಐದಕ್ಕೆ ಐದು.

ನನ್ನ ತಕರಾರು ಆಮೇಲಿನದ್ದು. ಪ್ಯಾಕೇಜಿನಲ್ಲಿ ಜೀವನಪೂರ್ತಿ ಫಾಲೋಅಪ್ ಅಂತ ಹೇಳಿದ್ದರು. ಸಿಕ್ಕಿದ್ದು ವಾಟ್ಸಾಪಿನಲ್ಲಿ ಡಯಟೀಶಿಯನ್ ಕೇಳುವ ಎರಡು ಪ್ರಶ್ನೆ: ತೂಕ ಎಷ್ಟು, ಪ್ರೋಟೀನ್ ಪೌಡರ್ ತಗೊಂಡ್ರಾ. ಮೊದಲ ವರ್ಷ ವಿಟಮಿನ್ ಮಾತ್ರೆ ನೆನಪಿಸುತ್ತಿದ್ದರು, ಆಮೇಲೆ ಅದೂ ನಿಂತಿತು. ವಿಟಮಿನ್ ಬಿ12 ರಕ್ತಪರೀಕ್ಷೆ ಮಾಡಿಸಿ ಅಂತ ಯಾರೂ ಬರೆದುಕೊಡಲಿಲ್ಲ.

ಎರಡು ವರ್ಷ ದಾಟಿದ ಮೇಲೆ ಅಕ್ಕನಿಗೆ ಪಾದ ಜುಮುಜುಮು ಅನ್ನಲು ಶುರುವಾಯಿತು. ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದಿರುತ್ತಿತ್ತು, ಅವಳಿಗೆ ಗೊತ್ತೇ ಆಗದೆ ಬರಿಗಾಲಲ್ಲಿ ಮುಂದೆ ಹೋಗಿರುತ್ತಿದ್ದಳು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ವಾಲಿ ಗೋಡೆ ಹಿಡಿಯುತ್ತಿದ್ದಳು. ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಹಳೇ ಶುಗರ್‌ನಿಂದ ಇರಬಹುದು, ತೂಕ ಇಳಿದಾಗ ಸುಸ್ತು ಸಹಜ, ಪ್ರೋಟೀನ್ ಜಾಸ್ತಿ ಮಾಡಿ ಅಂದು ಕಳಿಸಿದರು. ಜೊತೆಗೆ ಗ್ಯಾಸ್ ಮಾತ್ರೆ. ಇದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ, ಯಾಕೆಂದರೆ ಆ್ಯಸಿಡ್ ತಗ್ಗಿಸುವ ಆ ಮಾತ್ರೆಗಳನ್ನು ತುಂಬಾ ದಿನ ನುಂಗಿದರೆ ಆಹಾರದ ಬಿ12 ಮೈಗೆ ಹತ್ತುವುದು ಇನ್ನೂ ಕಡಿಮೆಯಾಗುತ್ತದೆ.

ಬೇರೆ ಕಡೆ ಒಬ್ಬ ನರರೋಗ ತಜ್ಞರಿಗೆ ತೋರಿಸಿದೆವು. ಅವರು ಟ್ಯೂನಿಂಗ್ ಫೋರ್ಕ್ ಮಿಡಿದು ಕಾಲಿನ ಹೆಬ್ಬೆರಳಿನ ಮೇಲಿಟ್ಟರು, ಅಕ್ಕನಿಗೆ ಕಂಪನ ಗೊತ್ತೇ ಆಗಲಿಲ್ಲ. ಮೊಣಕಾಲಿಗೆ ತಂದಾಗ ಗೊತ್ತಾಯಿತು. ಕಣ್ಣು ಮುಚ್ಚಿ ನಿಲ್ಲಿಸಿ ನೋಡಿದರು. ಆಮೇಲೆ ರಕ್ತಪರೀಕ್ಷೆ, ನರಗಳಿಗೆ ಬೇಕೇಬೇಕಾದ ಬಿ12 ತೀರಾ ಕೆಳಗಿತ್ತು. ಅವರೇ ಬಿಡಿಸಿ ಹೇಳಿದ್ದು: ಬಿ12 ಹೀರಿಕೊಳ್ಳಲು ಹೊಟ್ಟೆಯ ಆ್ಯಸಿಡ್ ಬೇಕು, ಹೊಟ್ಟೆಯ ಗೋಡೆಯಲ್ಲಿ ತಯಾರಾಗುವ ಒಂದು ಪ್ರೋಟೀನೂ ಬೇಕು, ಬೈಪಾಸ್ ಆದ ಮೇಲೆ ಊಟ ಆ ಭಾಗಕ್ಕೆ ಹೋಗುವುದೇ ಇಲ್ಲ. ಲಿವರ್‌ನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ, ಅದಕ್ಕೇ ಮೊದಲು ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಅಕ್ಕ ಶುದ್ಧ ಸಸ್ಯಾಹಾರಿ, ವರ್ಷಗಟ್ಟಲೆ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವಳು. ಎರಡರಿಂದಲೂ ಬಿ12 ಕಡಿಮೆಯಾಗುತ್ತದೆ. ಅವಳ ಫೈಲಿನಲ್ಲಿ ಇದೆಲ್ಲ ಬರೆದೇ ಇತ್ತು, ಅಲ್ವಾ?

ಬಿ12 ಇಂಜೆಕ್ಷನ್ ಶುರು ಮಾಡಿದರು, ಮೊದಲು ಬೇಗ ಬೇಗ, ಈಗ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ. ನಡಿಗೆ ಸುಧಾರಿಸಿದೆ. ಅಂಗಾಲಿನ ಮರಗಟ್ಟುವಿಕೆ ಪೂರ್ತಿ ಹೋಗಿಲ್ಲ. ನರಕ್ಕೆ ಪೆಟ್ಟು ಬಿದ್ದು ತಡವಾದಷ್ಟೂ ವಾಪಸ್ ಬರುವುದು ಕಷ್ಟವಂತೆ.

ಅವರು ತಾಮ್ರದ ಮಟ್ಟವನ್ನೂ ನೋಡಿದರು. ತಾಮ್ರ ಕಡಿಮೆಯಾದರೂ ಹೆಚ್ಚುಕಡಿಮೆ ಇದೇ ಲಕ್ಷಣ ಬರುತ್ತದೆ. ಆಪರೇಷನ್ ಆದ ಮೇಲೆ ಕೂದಲು ಉದುರುತ್ತೆ ಅಂತ ತುಂಬಾ ಜನ ಮೆಡಿಕಲ್ ಸ್ಟೋರಿನಿಂದ ಸುಮ್ನೆ ಝಿಂಕ್ ಮಾತ್ರೆ ತಂದು ನುಂಗುತ್ತಾರೆ, ಝಿಂಕ್ ಜಾಸ್ತಿಯಾದರೆ ತಾಮ್ರ ಇಳಿಯುತ್ತದೆ. ನರಕ್ಕೆ ಒಳ್ಳೆಯದು ಅಂತ ಬಿ6 ಜಾಸ್ತಿ ಇರುವ ಮಾತ್ರೆಯನ್ನು ತಿಂಗಳುಗಟ್ಟಲೆ ತಗೊಂಡರೂ ಪಾದ ಜುಮ್ಮೆನ್ನುತ್ತದೆ. ಕೇಳದೆ ಏನೂ ನುಂಗಬೇಡಿ.

ಇಂಥ ಆಪರೇಷನ್ ಮಾಡಿಸಲು ಹೊರಟವರು ಇಎಂಐ ಎಷ್ಟು ಅಂತ ಕೇಳುವ ಮೊದಲು, ಬಿ12, ಫೋಲೇಟ್, ಕಬ್ಬಿಣ, ವಿಟಮಿನ್ ಡಿ, ತಾಮ್ರ ಯಾವಾಗ ಯಾವಾಗ ನೋಡುತ್ತೀರಿ ಅಂತ ಕೇಳಿ, ಡಿಸ್ಚಾರ್ಜ್ ಕಾಗದದಲ್ಲೇ ಬರೆಸಿಕೊಳ್ಳಿ. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಜೀವನಪೂರ್ತಿ ಬೇಕು. ಸ್ಲೀವ್, ಅಂದರೆ ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವ ಆಪರೇಷನ್, ಮಾಡಿಸಿದವರಿಗೂ ಅಷ್ಟೇ.

ಇನ್ನೊಂದು, ಇದು ಅಕ್ಕನಿಗೆ ಆಗಲಿಲ್ಲ, ಆದರೆ ಇದಕ್ಕಿಂತ ಅವಸರದ್ದು. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ದಿನಾ ವಾಂತಿಯಾಗುತ್ತಿದ್ದರೆ ವಿಟಮಿನ್ ಬಿ1 ಕೆಲವೇ ವಾರಗಳಲ್ಲಿ ಖಾಲಿಯಾಗುತ್ತದೆ. ದೃಷ್ಟಿ ಎರಡೆರಡಾಗಿ ಕಾಣುವುದು, ತೂರಾಡುವುದು, ಗೊಂದಲದ ಮಾತು, ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿ ಹೆಚ್ಚಬಹುದು, ಹಾಗಾಗಿ ಡ್ರಿಪ್ ಹಾಕುವ ಮೊದಲೇ ಅಲ್ಲಿನ ಡಾಕ್ಟರಿಗೆ ತೂಕದ ಆಪರೇಷನ್ ಆಗಿದೆ, ವಾಂತಿ ಇದೆ ಅಂತ ಗಟ್ಟಿಯಾಗಿ ಹೇಳಿ.