ಆನೆಕಾಲು ರೋಗದ ಸ್ಟ್ರಿಪ್ ಟೆಸ್ಟ್: ಊರು ನೋಡ್ಲಿಕ್ಕೆ ಚಲೋ, ಕಾಲು ನೋಡ್ಲಿಕ್ಕೆ ಅಲ್ಲ

ಯಾದಗಿರಿ ಕಡೆ ಲ್ಯಾಬ್ ಕೆಲಸ ಮಾಡೋನು ನಾನು, ಸರ್ವೇದಾಗ ಈ ಎಫ್‌ಟಿಎಸ್ ಅನ್ನೋ ಫೈಲೇರಿಯಾ ಸ್ಟ್ರಿಪ್ ಸಾಕಷ್ಟು ಬಳಸೀನಿ. 5ಕ್ಕ 4 ಸ್ಟಾರ್ ಕೊಡ್ತೀನಿ, ಕಟ್ ಆದ ಒಂದು ಸ್ಟಾರ್ ಪೂರ್ತಿ ಅದರ ಜೊತಿ ಬರೋ, ರಕ್ತ ತುಂಬಿಸ್ಕೊಳ್ಳೋ ಪ್ಲಾಸ್ಟಿಕ್ ನಳಿಗಿ ಅಂದ್ರ ಪೈಪೆಟ್ ಸಲುವಾಗಿ.

ಆನೆಕಾಲು ರೋಗ ತರೋ ಹುಳದ ಮರಿ ರಾತ್ರಿ ಹೊತ್ತಿಗೇ ರಕ್ತದಾಗ ಜಾಸ್ತಿ ಓಡಾಡ್ತಾವ, ಹಂಗಾಗಿ ಹಳೇ ಪದ್ಧತಿದಾಗ ರಾತ್ರಿ 10ರಿಂದ 2ರೊಳಗ ಮನಿಮನಿ ಬಾಗಿಲಾ ಬಡದು, ಮಲಗಿದೋರನ್ನ ಎಬ್ಬಿಸಿ, ಬೆರಳು ಚುಚ್ಚಿ ಸ್ಲೈಡ್ ಮಾಡ್ಬೇಕು, ಮ್ಯಾಲ ನಾಯಿ ಬೆನ್ನು ಹತ್ತೋದು ಬ್ಯಾರೆ, "ಹಗಲೆಲ್ಲ ಎಲ್ಲಿ ಸತ್ತಿದ್ರೋ ತಮ್ಮಾ" ಅನ್ನೋ ಆಯಿಗಳ ಬೈಗಳು ಬ್ಯಾರೆ. ಸ್ಟ್ರಿಪ್ ಹುಡುಕೋದು ಮರಿ ಅಲ್ಲ, ದೊಡ್ಡ ಹುಳ ರಕ್ತಕ್ಕ ಬಿಡೋ ಆಂಟಿಜೆನ್ ಅನ್ನೋ ಪದಾರ್ಥ, ಅದು ಹಗಲೂ ಸಿಗ್ತದ. ಮೈಕ್ರೋಸ್ಕೋಪ್ ಬ್ಯಾಡ, ಕರೆಂಟ್ ಬ್ಯಾಡ, ಬೆರಳಿನಿಂದ 75 ಮೈಕ್ರೋಲೀಟರ್ ರಕ್ತ ಸಾಕು, 10 ನಿಮಿಷಕ್ಕ ಗೆರಿ ಓದೋದು. ಸಾಲಿ ವರಾಂಡದಾಗ 6-7 ವರ್ಷದ ಹುಡುಗ್ರನ್ನ ಕೂಡಿಸ್ಕೊಂಡು ಆರಾಮ ಮಾಡಬಹುದು, ಅಳೋದು ಒಂದು ಬಿಟ್ರ.

ಆದ್ರ 10 ನಿಮಿಷ ಅಂದ್ರ 10 ನಿಮಿಷಾನೇ ರೀ. ಟ್ರೇ ಹಂಗೇ ಬಿಟ್ಟು ಚಾ ಕುಡುದು ಬಂದು ನೋಡಿದ್ರ ಇಲ್ಲದ ಗೆರಿ ಮೂಡಿರ್ತದ, ಅದನ್ನ ಪಾಸಿಟಿವ್ ಅಂತ ಬರದ್ರ ಇಡೀ ಸರ್ವೇ ಕೆಟ್ಟಂಗ. ರಕ್ತ ಹಾಕಿದ ಟೈಮು ಪ್ರತಿ ಟ್ರೇ ಮ್ಯಾಲ ಬರೀರಿ, ಮೊಬೈಲ್‌ದಾಗ ಟೈಮರ್ ಇಡ್ರಿ. ಇನ್ನ ಆ ಪೈಪೆಟ್, ಅದನ್ನ ಅಡ್ಡ ಹಿಡುದು ರಕ್ತ ತಾನೇ ಏರಂಗ ಬಿಡಬೇಕು, ಹಿಂಡಿದ್ರೆ ಗುಳ್ಳಿ ಬರ್ತದ, ರಕ್ತ ಕಮ್ಮಿ ಆಗ್ತದ. ಹತ್ತಿ ಬಿಡಸೋ, ತೊಗರಿ ಕೊಯ್ಯೋ ಮಂದಿ ಬೆರಳು ಎಷ್ಟು ಗಟ್ಟಿ ಅಂದ್ರ ಲ್ಯಾನ್ಸೆಟ್ ಒಳಗ ಹೋಗೋದೇ ಕಷ್ಟ, ಅಂಥಲ್ಲಿ ಪೈಪೆಟ್ ಮ್ಯಾಲಿನ ಗೆರಿ ತನಕ ರಕ್ತ ತುಂಬಿಸೋದ್ರಾಗ ನಮ್ಮ ಜೀವ ಹೋಗ್ತದ.

ಬಿಸಿಲಿನ ವಿಷಯ ಯಾರೂ ಹೇಳಂಗಿಲ್ಲ, ನಾನೇ ಹೇಳ್ತೀನಿ. ಕಿಟ್ 2ರಿಂದ 37 ಡಿಗ್ರಿಯೊಳಗ ಇಡಬೇಕು. ಬ್ಯಾರೆ ಕಡೆ ಫ್ರಿಡ್ಜ್ ಇಲ್ಲದೇ ನಡೀತದ ಅಂತ ಖುಷಿ ಪಡ್ತಾರ, ನಮ್ಮಲ್ಲಿ ಏಪ್ರಿಲ್-ಮೇದಾಗ ನೆರಳಿನ್ಯಾಗೇ 40 ದಾಟ್ತದ! ಪತ್ರಾಸ್ ಹೊದಿಸಿದ ಸ್ಟೋರ್ ರೂಮ್‌ದಾಗ, ಜೀಪಿನ ಡ್ಯಾಶ್‌ಬೋರ್ಡ್ ಮ್ಯಾಲ ಇಟ್ಟು ಆಮೇಲೆ ಕಂಪನಿಗೆ ಬೈಬ್ಯಾಡ್ರಿ. ಬ್ಯಾಸಿಗಿಯಾಗ ಫ್ರಿಡ್ಜ್‌ದಾಗೇ ಇಡ್ರಿ, ಐಸ್ ಆಗೋ ಖಾನೆಯಾಗ ಮಾತ್ರ ಬ್ಯಾಡ.

ಈಗ ಭಾಳ ಮಂದಿಗೆ ತಿಳೀದ ಮಾತು. ಹತ್ತು-ಹದಿನೈದು ವರ್ಷದಿಂದ ಕಾಲು ಬಾತಿರೋ ಕಾಕಾ ಬಂದು ಟೆಸ್ಟ್ ಮಾಡಿಸ್ತಾರ, ನೆಗೆಟಿವ್ ಬರ್ತದ, "ಹಂಗಾದ್ರ ನಂದು ಆನೆಕಾಲು ಅಲ್ಲೇನ್ರಿ" ಅಂತಾರ. ಹುಳ ಯಾವಾಗೋ ಸತ್ತಿರ್ತದ, ಅದು ಕೆಡಿಸಿದ ದುಗ್ಧನಾಳ ಹಂಗೇ ಇರ್ತದ, ಸ್ಟ್ರಿಪ್‌ಗೆ ಕಾಲು ಕಾಣಂಗಿಲ್ಲ. ಈ ಕಡೆ ಏನೂ ತ್ರಾಸಿಲ್ಲದ ಹುಡುಗ ಪಾಸಿಟಿವ್ ಬರ್ತಾನ, ಗುಳಿಗಿ ನುಂಗಿದೋರೂ ಎಷ್ಟೋ ದಿನ ಪಾಸಿಟಿವ್ ಇರ್ತಾರ, ಯಾಕಂದ್ರ ಗುಳಿಗಿಗೆ ಮರಿ ಹೋದ್ರೂ ಆಂಟಿಜೆನ್ ಲಗೂನ ಹೋಗಂಗಿಲ್ಲ. ಮೂರು ಔಷಧ ಒಮ್ಮೆಗೇ ನುಂಗಿಸೋದು ದೇಶದಾಗ ಮೊದಲು ಶುರು ಮಾಡಿದ 5 ಜಿಲ್ಲಾದಾಗ ನಮ್ಮ ಯಾದಗಿರೀನೂ ಒಂದು, ಅಂಥಲ್ಲಿ ಊರಾಗ ರೋಗ ಇನ್ನಾ ಹಬ್ಬಲಿಕತ್ತದೋ ಇಲ್ಲೋ ಅಂತ ನೋಡ್ಲಿಕ್ಕೆ ಈ ಸ್ಟ್ರಿಪ್ ಅದ. ಕಾಕಾನ ಕಾಲಿಗೆ ಬೇಕಾದ್ದು ದಿನಾ ಸೋಪ್ ಹಚ್ಚಿ ತೊಳೆಯೋದು, ಬೆರಳ ಸಂದಿ ಒರಸೋದು, ಗಾಯಕ್ಕ ಮುಲಾಮು, ಮಲಗುವಾಗ ಕಾಲು ಎತ್ತರಕ್ಕ ಇಡೋದು.

ಇದೇ ಭ್ರಮಿ ಕುಷ್ಠರೋಗದ ಸ್ಟ್ರಿಪ್‌ದಾಗ ಇನ್ನಾ ಜಾಸ್ತಿ. ಕಲಬುರಗಿಯಾಗ ಒಂದು ಪ್ರೈವೇಟ್ ಲ್ಯಾಬ್, ಹೆಸರು ಬ್ಯಾಡ, ನಮ್ಮ ಸಂಬಂಧಿಕರೊಬ್ಬರ ಬೆನ್ನಿನ ಮಚ್ಚಿಗೆ ಪಿಜಿಎಲ್-1 ಆಂಟಿಬಾಡಿ ಅನ್ನೋ ಈ ಕುಷ್ಠದ ರಕ್ತ ಟೆಸ್ಟ್ ಮಾಡಿ ನೆಗೆಟಿವ್, ಚಿಂತಿ ಬ್ಯಾಡ ಅಂತ ಕಳಿಸ್ಯಾರ. ಈ ಟೆಸ್ಟ್ ಮೈತುಂಬ ಬ್ಯಾಕ್ಟೀರಿಯಾ ಇದ್ದೋರನ್ನ ಹಿಡೀತದ, ಒಂದೆರಡು ಮಚ್ಚಿ ಇದ್ದೋರನ್ನ ಭಾಳ ಸಲ ಬಿಟ್ಟುಬಿಡ್ತದ, ರೋಗಾನೇ ಇಲ್ಲದೋರಲ್ಲೂ ಪಾಸಿಟಿವ್ ತೋರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿದಾಗೂ ಇಂಥ ಟೆಸ್ಟ್ ಶಿಫಾರಸು ಮಾಡಿಲ್ಲ. ನಮ್ಮ ಪಿಎಚ್‌ಸಿ ಡಾಕ್ಟರ್ ಮೇಡಂ ಆ ಸಂಬಂಧಿಕರ ಕಣ್ಣು ಮುಚ್ಚಿಸಿ ಮಚ್ಚಿ ಮ್ಯಾಲ ಪೆನ್ನಿನ ತುದಿ ಮುಟ್ಟಿಸಿದ್ರು, ಗೊತ್ತೇ ಆಗ್ಲಿಲ್ಲ. ಮಚ್ಚಿಯಾಗ ಸ್ಪರ್ಶ ಹೋಗೋದೇ ಕುಷ್ಠದ ಗುರುತು, ಅಷ್ಟೇ ಸಾಕಾಯ್ತು, 6 ತಿಂಗಳ ಎಂಡಿಟಿ ಅಂದ್ರ ಕುಷ್ಠದ ಗುಳಿಗಿ ಕೋರ್ಸ್ ಪುಕ್ಕಟೆ ಶುರು. ಆ ಲ್ಯಾಬ್ ಟೆಸ್ಟ್‌ಗೆ 1 ಸ್ಟಾರ್, ಅದೂ ರಿಪೋರ್ಟ್ ವಾಟ್ಸಾಪ್‌ಗೆ ಲಗೂನ ಬಂತು ಅಂತ.