ಗುಲ್ಮಾರ್ಗ್‌ಗೆ ಚಾರ್ಟರ್ ವಿಮಾನ ಹಿಡಿಯುವ ಮುಂಚೆ ಬದಲಿ ನಿಲ್ದಾಣ ಯಾವುದೆಂದು ಕೇಳಿ

ರೊಬಸ್ಟಾ ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವವರೆಗಿನ ಬಿಡುವಿನಲ್ಲಿ ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಹೋಗಿಬರೋಣ ಎಂದು ಎರಡು ಮೂರು ಮನೆಯವರು ಸೇರಿ ಸಣ್ಣ ಜೆಟ್ ಬಾಡಿಗೆಗೆ ಹಿಡಿಯುವವರು ಮೂಡಿಗೆರೆ, ಸಕಲೇಶಪುರದ ಕಡೆ ಇದ್ದಾರೆ. ಹಾಗೆ ಹೊರಟ ಒಂದು ತಂಡಕ್ಕೆ ಏನಾಯಿತು, ಯಾಕಾಯಿತು ಎಂಬುದನ್ನು ಮುಂದಿನ ಸೀಸನ್‌ಗೆ ಬುಕ್ ಮಾಡುವವರು ಓದಿಕೊಳ್ಳಲಿ ಎಂದು ಬರೆದಿದ್ದೇವೆ. ಆಪರೇಟರ್ ಹೆಸರು ಬೇಡ. ಬಹಳಷ್ಟು ಆಪರೇಟರ್‌ಗಳ ಕೋಟ್‌ಗಳು (ದರಪಟ್ಟಿಗಳು) ಬರುವುದೇ ಹೀಗೆ.

ವಿಮಾನ ಮಂಗಳೂರಿನಿಂದ ಹೊರಟು, ನಾಗಪುರದಲ್ಲಿ ಇಂಧನ ತುಂಬಿಸಿಕೊಂಡು, ಗುಲ್ಮಾರ್ಗ್‌ಗೆ ಹತ್ತಿರದ ವಿಮಾನ ನಿಲ್ದಾಣವಾದ ಶ್ರೀನಗರಕ್ಕೆ ಹೋಗಬೇಕಿತ್ತು. ಏಳು ಸೀಟೂ ಭರ್ತಿ, ಜೊತೆಗೆ ಸ್ಕೀ ಬ್ಯಾಗುಗಳು. ಫ್ಲೈಟ್ ಪ್ಲಾನ್‌ನಲ್ಲಿ ಬದಲಿ ನಿಲ್ದಾಣ (ಗುರಿಯಲ್ಲಿ ಇಳಿಯಲಾಗದಿದ್ದರೆ ಹೋಗುವ ನಿಲ್ದಾಣ) ಎಂದು ಬರೆದಿದ್ದು ಜಮ್ಮು. ಶ್ರೀನಗರ ಹತ್ತಿರವಾಗುವ ಹೊತ್ತಿಗೆ ಹಿಮ ಸುರಿಯಲು ಶುರುವಾಗಿ, ಗೋಚರತೆ ಇಳಿಯುವ ಮಿತಿಗಿಂತ ಕೆಳಗೆ ಹೋಯಿತು. ಆಕಾಶದಲ್ಲೇ ಸುತ್ತುತ್ತಾ ಸ್ವಲ್ಪ ಹೊತ್ತು ಕಾದರು. ಅಷ್ಟರಲ್ಲಿ ಜಮ್ಮುವಿನಲ್ಲೂ ಮಳೆ, ಮೋಡ ತೀರಾ ಕೆಳಗಿದೆ ಎಂಬ ವರದಿ ಬಂತು. ಕ್ಯಾಪ್ಟನ್ ಮತ್ತೆ ಕಾಯದೆ ಅಮೃತಸರಕ್ಕೆ ತಿರುಗಿಸಿದರು. ಅವರ ಆ ನಿರ್ಧಾರ ಸರಿಯಾಗಿತ್ತು. ಇಳಿದಾಗ ಟ್ಯಾಂಕಿನಲ್ಲಿದ್ದದ್ದು ಕಡ್ಡಾಯ ಮೀಸಲು ಇಂಧನಕ್ಕಿಂತ ಚೂರು ಹೆಚ್ಚು, ಅಷ್ಟೇ. ಮರುದಿನ ಬೆಳಿಗ್ಗೆ ಅಮೃತಸರದಲ್ಲಿ ದಟ್ಟ ಮಂಜು. ಅದು ಕರಗುವಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಸಮಯ ಸಾಲದಾಯಿತು. ರಸ್ತೆಯಲ್ಲಾದರೂ ಹೋಗೋಣವೆಂದು ಕಾರು ಹಿಡಿದವರಿಗೆ ರಾಮಬನ್ ಹತ್ತಿರ ಗುಡ್ಡ ಕುಸಿದು ಹೆದ್ದಾರಿ ಬಂದ್. ಗುಲ್ಮಾರ್ಗ್‌ನ ಹೋಟೆಲ್ ಹಣ ವಾಪಸ್ ಬರಲಿಲ್ಲ, ಅದರ ಮೇಲೆ ಡೈವರ್ಷನ್ ಬಿಲ್, ಅಂದರೆ ವಿಮಾನ ಬೇರೆ ನಿಲ್ದಾಣಕ್ಕೆ ತಿರುಗಿಸಿದ ಖರ್ಚು, ಬಂತು.

ಎಲ್ಲದರ ಬೇರು ಆ ಒಂದು ಪದದಲ್ಲಿದೆ: ಜಮ್ಮು. ನಿಯಮದ ಪ್ರಕಾರ ಅದು ತಪ್ಪಲ್ಲ, ಹೊರಡುವಾಗಿನ ಮುನ್ಸೂಚನೆ ಮಿತಿಯೊಳಗೇ ಇತ್ತು. ಆದರೆ ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹಿಮ ತರುವುದು ಪಶ್ಚಿಮದಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಮೋಡ-ಮಳೆಯ ವ್ಯವಸ್ಥೆ. ಕಣಿವೆಯಲ್ಲಿ ಹಿಮ ಬೀಳಿಸುವ ಅದೇ ವ್ಯವಸ್ಥೆ ಪೀರ್ ಪಂಜಾಲ್ ಬೆಟ್ಟಸಾಲಿನ ಈಚೆ ಜಮ್ಮುವಿಗೆ ಮಳೆ, ತಗ್ಗಿನ ಮೋಡ ತರುತ್ತದೆ. ಎರಡು ನಿಲ್ದಾಣಗಳ ನಡುವೆ ನೇರ ದೂರ ಸುಮಾರು 145 ಕಿ.ಮೀ. ಮಾತ್ರ. ನಮ್ಮ ಕಣದಲ್ಲಿ ಹರಡಿದ ಕಾಫಿ ನೆನೆಯುತ್ತಿದೆ ಎಂದು ಪಕ್ಕದ ತೋಟದ ಕಣಕ್ಕೆ ಸಾಗಿಸಿದಂತೆ ಇದು. ವ್ಯವಸ್ಥೆ ದಾಟಿಹೋದ ಮೇಲಾದರೂ ನಿರಾಳವಾಗುತ್ತದೆಯೇ ಎಂದರೆ, ನೆಲ ಒದ್ದೆ, ಆಕಾಶ ತಿಳಿ, ಗಾಳಿ ಇಲ್ಲ. ಆಗ ಪಂಜಾಬ್ ಬಯಲಿನಲ್ಲಿ ರಾತ್ರಿಯಿಂದ ಬೆಳಿಗ್ಗೆಯವರೆಗೆ ಮಂಜು ಕೂರುತ್ತದೆ. ಹಾಗಾಗಿ ಮೊದಲ ದಿನ ಜಮ್ಮು ಕೈಕೊಡುತ್ತದೆ, ಮರುದಿನ ಅಮೃತಸರ.

ಅಮೃತಸರದಲ್ಲಿ ಕ್ಯಾಟ್-3 ಐಎಲ್‌ಎಸ್ (ಗೋಚರತೆ ತೀರಾ ಕಡಿಮೆ ಇದ್ದರೂ ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರುವ ಉಪಕರಣ) ಇದೆ, ಮಂಜಿದ್ದರೂ ಇಳಿಯಬಹುದು ಎಂದು ಬ್ರೋಕರ್‌ಗಳು ಧೈರ್ಯ ಹೇಳುತ್ತಾರೆ. ನಂಬಬೇಡಿ. ನೆಲದಲ್ಲಿ ಉಪಕರಣ ಇದ್ದರೆ ಸಾಲದು, ವಿಮಾನಕ್ಕೂ ಇಬ್ಬರು ಪೈಲಟ್‌ಗಳಿಗೂ ಆ ಅರ್ಹತೆ ಬೇಕು. ಸಣ್ಣ ಚಾರ್ಟರ್ ಜೆಟ್‌ಗಳು, ಕಿಂಗ್ ಏರ್‌ನಂಥ ಟರ್ಬೊಪ್ರಾಪ್‌ಗಳು ಸಾಮಾನ್ಯವಾಗಿ ಕ್ಯಾಟ್-1ಕ್ಕೆ ಸೀಮಿತ. ಅಂದರೆ ರನ್‌ವೇ ಮೇಲಿನ ಗೋಚರತೆ 550 ಮೀಟರ್ ಇರಬೇಕು, 200 ಅಡಿ ಎತ್ತರಕ್ಕೆ ಇಳಿಯುವಷ್ಟರಲ್ಲಿ ರನ್‌ವೇ ದೀಪಗಳು ಕಾಣಬೇಕು. ದೊಡ್ಡ ಏರ್‌ಲೈನ್ ವಿಮಾನ ಇಳಿಯುತ್ತಿರುವ ಬೆಳಗಿನಲ್ಲೇ ನಿಮ್ಮದು ಇಳಿಯಲಾಗದೆ ಇರಬಹುದು. ಇನ್ನು ಒಂದು ನಿಲ್ದಾಣವನ್ನು ಬದಲಿ ಎಂದು ಹೊರಡುವ ಮುಂಚೆ ಆರಿಸಬೇಕಾದರೆ, ಅಲ್ಲಿನ ಮುನ್ಸೂಚನೆ ಈ ಮಿತಿಗಳಿಗಿಂತಲೂ ಚೆನ್ನಾಗಿರಬೇಕು.

ಹಾಗಿದ್ದೂ ಆಪರೇಟರ್ ಜಮ್ಮುವನ್ನೇ ಯಾಕೆ ಬರೆಯುತ್ತಾರೆ? ತೂಕಕ್ಕಾಗಿ. ಜೆಟ್‌ನಲ್ಲಿ ಗುರಿಯವರೆಗಿನ ಇಂಧನ, ಅದರ ಮೇಲೆ ಕಂಟಿಂಜೆನ್ಸಿ (ಅಂದಾಜು ಮೀರಿದರೆ ಇರಲೆಂದು ಇಡುವ ಇಂಧನ), ಅಲ್ಲಿಂದ ಬದಲಿ ನಿಲ್ದಾಣಕ್ಕೆ ಬೇಕಾದಷ್ಟು, ಕೊನೆಗೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು ಫೈನಲ್ ರಿಸರ್ವ್ ಇರಲೇಬೇಕು. ಶ್ರೀನಗರದಿಂದ ದೆಹಲಿ ಸುಮಾರು 640 ಕಿ.ಮೀ. ಜಮ್ಮು ಬಿಟ್ಟು ದೆಹಲಿಯನ್ನು ಬದಲಿಯಾಗಿ ಹಿಡಿದರೆ ಹೆಚ್ಚುಕಮ್ಮಿ 40 ನಿಮಿಷದ ಇಂಧನ ಹೆಚ್ಚು ಹೊರಬೇಕು. ಗಂಟೆಗೆ 400 ಕೆ.ಜಿ. ಸುಡುವ ಸಣ್ಣ ಜೆಟ್‌ಗೆ ಅದು 270 ಕೆ.ಜಿ.ಯಷ್ಟಾಯಿತು, ಅಂದರೆ ಲಗೇಜ್ ಸಮೇತ ಮೂರು ಜನ. ಶ್ರೀನಗರ ಸುಮಾರು 5,400 ಅಡಿ ಎತ್ತರದಲ್ಲಿದೆ, ಸುತ್ತಲೂ 15,000 ಅಡಿ ದಾಟುವ ಬೆಟ್ಟಗಳು. ಇಳಿಯಲಾಗದೆ ಮೇಲೇಳುವಾಗ ಒಂದು ಎಂಜಿನ್ ನಿಂತರೂ ಬೆಟ್ಟ ತಪ್ಪಿಸಿ ಏರುವ ಶಕ್ತಿ ಇರಬೇಕು, ಅಲ್ಲೂ ತೂಕಕ್ಕೆ ಕಡಿವಾಣ. ಏಳು ಸೀಟೂ ಭರ್ತಿ ಮಾಡಿಸಿ ಕಡಿಮೆ ದರ ತೋರಿಸುವ ಕೋಟ್ ಬಂದರೆ, ಕೊರತೆ ಬಿದ್ದಿರುವುದು ಇಂಧನದಲ್ಲಿ ಎಂದು ಅನುಮಾನಪಡಿ.

ಪರಿಹಾರ ಕಷ್ಟದ್ದೇನಲ್ಲ. ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಶ್ರೀನಗರಕ್ಕೆ ನೇರ ದೂರ 2,300 ಕಿ.ಮೀ. ಮೇಲೆಯೇ ಇದೆ, ಸಣ್ಣ ಜೆಟ್ ತುಂಬಿದ್ದರೆ ನಡುವೆ ಹೇಗೂ ನಿಲ್ಲಿಸಬೇಕು. ಆ ನಿಲುಗಡೆಯನ್ನು ನಾಗಪುರದಲ್ಲಿ ಮಾಡದೆ ಜೈಪುರ, ದೆಹಲಿ ಅಥವಾ ಚಂಡೀಗಢಕ್ಕೆ ತಳ್ಳಿ. ಕೊನೆಯ ಹಾರಾಟ ಚಿಕ್ಕದಾದಷ್ಟೂ ಅದೇ ತೂಕದಲ್ಲಿ ವಾಪಸ್ ಬರುವ ಇಂಧನ ಹೊರಬಹುದು, ಹೊರಟ ನಿಲ್ದಾಣವೇ ಬದಲಿಯೂ ಆಗಬಹುದು. ಮುಖ್ಯವಾಗಿ, ಶ್ರೀನಗರದ ಹೊಸ ಮೆಟಾರ್ (ನಿಲ್ದಾಣದ ಸದ್ಯದ ಹವಾಮಾನ) ವರದಿ ನೆಲದಲ್ಲೇ ಕುಳಿತು ನೋಡಿ ಹೊರಡಬೇಕೋ ಬೇಡವೋ ತೀರ್ಮಾನಿಸಬಹುದು. ಶ್ರೀನಗರ ತಲುಪುವ ಸಮಯ ಮಧ್ಯಾಹ್ನದ ಆಸುಪಾಸಿಗೆ ಇರಲಿ. ಲೇಹ್ ಇದೆಯಲ್ಲ ಎನ್ನುವವರ ಮಾತು ಕೇಳಬೇಡಿ. 10,600 ಅಡಿ ಮೇಲಿರುವ, ವಿಶೇಷ ತರಬೇತಿ ಬೇಡುವ ನಿಲ್ದಾಣ ಅದು.

ಅಡ್ವಾನ್ಸ್ ಕೊಡುವ ಮುಂಚೆ ಎಲ್ಲರ ತೂಕ, ಲಗೇಜ್ ತೂಕ ನಿಜವಾಗಿ ತೂಗಿ ಕೊಟ್ಟು, ಮಾದರಿ ಫ್ಲೈಟ್ ಪ್ಲಾನ್ ಕೇಳಿ. ಅದರಲ್ಲಿ ಇಂಧನದ ಲೆಕ್ಕಕ್ಕೆ ಟ್ರಿಪ್ (ಗುರಿಯವರೆಗೆ), ಆಲ್ಟರ್ನೇಟ್ (ಬದಲಿ ನಿಲ್ದಾಣಕ್ಕೆ), ಫೈನಲ್ ರಿಸರ್ವ್, ಎಕ್ಸ್‌ಟ್ರಾ ಎಂಬ ಸಾಲುಗಳಿರುತ್ತವೆ. ಎಕ್ಸ್‌ಟ್ರಾ ಮುಂದೆ ಸೊನ್ನೆ ಇದ್ದರೆ, ಫೈನಲ್ ರಿಸರ್ವ್ ಮುಟ್ಟದೆ ಸುತ್ತಿ ಕಾಯಲು ಇಂಧನವೇ ಇಲ್ಲ ಎಂದರ್ಥ. ಜಮ್ಮು ಬರೆದಿದ್ದರೂ ಅಡ್ಡಿಯಿಲ್ಲ, ಎರಡನೆಯದಾಗಿ ಆ ಹವಾಮಾನದ ಹೊರಗಿನ ನಿಲ್ದಾಣವೊಂದು ಇರಲಿ, ಇಂಧನವೂ ಅಲ್ಲಿಯವರೆಗಿನದಿರಲಿ. ಶ್ರೀನಗರ, ಜಮ್ಮು, ಚಂಡೀಗಢ ಮೂರೂ ವಾಯುಪಡೆಯ ನಿಲ್ದಾಣಗಳು. ನಾಗರಿಕ ವಿಮಾನಕ್ಕೆ ತೆರೆದಿರುವ ಸಮಯ, ಪಾರ್ಕಿಂಗ್ ಅನುಮತಿ, ರನ್‌ವೇ ದುರಸ್ತಿಯ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಇವನ್ನು ಆಪರೇಟರ್ ಲಿಖಿತವಾಗಿ ಖಚಿತಪಡಿಸಲಿ. ರಾತ್ರಿ ಅಲ್ಲೇ ನಿಂತ ವಿಮಾನದ ರೆಕ್ಕೆ ಮೇಲೆ ಹಿಮವೋ ಹೆಪ್ಪುಗಟ್ಟಿದ ಇಬ್ಬನಿಯೋ ಕೂತರೆ ಪೂರ್ತಿ ತೆಗೆಯದೆ ಏರುವಂತಿಲ್ಲ. ಡೀ-ಐಸಿಂಗ್ ಯಾರು ಮಾಡುತ್ತಾರೆ, ಖರ್ಚು ಯಾರದು ಎಂದೂ ಕೇಳಿ.

ಕರಾರಿನಲ್ಲಿ ಡೈವರ್ಷನ್ ಕಲಂ ಓದದೆ ಸಹಿ ಹಾಕಬೇಡಿ. ಹೆಚ್ಚುವರಿ ಹಾರಾಟದ ಗಂಟೆ, ಲ್ಯಾಂಡಿಂಗ್, ಹ್ಯಾಂಡ್ಲಿಂಗ್, ಸಿಬ್ಬಂದಿಯ ವಾಸ್ತವ್ಯ ಎಲ್ಲವೂ ಸಾಮಾನ್ಯವಾಗಿ ಗ್ರಾಹಕರ ತಲೆಗೇ ಬರುತ್ತವೆ. ಗರಿಷ್ಠ ಮೊತ್ತವೊಂದನ್ನು ಮೊದಲೇ ಬರೆಸಿಕೊಳ್ಳಿ.

ಒಂದು ಮಾತನ್ನು ಕೈಮುಗಿದು ಕೇಳಿಕೊಳ್ಳುತ್ತೇವೆ: ಪೈಲಟ್ ಮೇಲೆ ಒತ್ತಡ ಹಾಕಬೇಡಿ. 2001ರ ಮಾರ್ಚ್ 29ರ ಸಂಜೆ ಅಮೆರಿಕದ ಕೊಲರಾಡೊದ ಸ್ಕೀ ಊರು ಆಸ್ಪೆನ್‌ನಲ್ಲಿ ಗಲ್ಫ್‌ಸ್ಟ್ರೀಮ್ ಚಾರ್ಟರ್ ವಿಮಾನವೊಂದು ಕತ್ತಲು, ಹಿಮದ ನಡುವೆ ಇಳಿಯಲು ಹೋಗಿ ಬೆಟ್ಟದ ಇಳಿಜಾರಿಗೆ ಅಪ್ಪಳಿಸಿ, ಒಳಗಿದ್ದ 18 ಮಂದಿಯೂ ಸತ್ತರು. ರನ್‌ವೇ ಕಾಣದೆಯೇ ಮಿತಿಗಿಂತ ಕೆಳಗಿಳಿದದ್ದು ಮುಖ್ಯ ಕಾರಣ ಎಂದ ಅಲ್ಲಿನ ತನಿಖಾ ಮಂಡಳಿ, ಇಳಿಯಲೇಬೇಕೆಂದು ಗ್ರಾಹಕರ ಕಡೆಯಿಂದ ಬಂದ ಒತ್ತಡವನ್ನೂ ಕಾರಣಗಳ ಸಾಲಿಗೆ ಸೇರಿಸಿತು. ಕೆಳಗಿನ ಕಣಿವೆಯಲ್ಲಿ ರೈಫಲ್ ಎಂಬ ನಿಲ್ದಾಣವಿತ್ತು, ಅಲ್ಲಿಂದ ಆಸ್ಪೆನ್‌ಗೆ ರಸ್ತೆಯಲ್ಲಿ 110 ಕಿ.ಮೀ. ಆಸುಪಾಸು.

ಡೈವರ್ಷನ್ ಆದರೆ ನೆಲದ ದಾರಿಯೂ ಮೊದಲೇ ಗೊತ್ತಿರಲಿ. ಜಮ್ಮುವಿನಿಂದ ಶ್ರೀನಗರಕ್ಕೆ ಹೆದ್ದಾರಿಯಲ್ಲಿ ಸುಮಾರು 270 ಕಿ.ಮೀ., ರಾಮಬನ್-ಬನಿಹಾಲ್ ನಡುವೆ ಮಳೆ ಬಂದರೆ ಕಲ್ಲು ಮಣ್ಣು ಕುಸಿಯುತ್ತದೆ. 2025ರ ಜೂನ್ 6ರಂದು ಉದ್ಘಾಟನೆಯಾದ ಕಟ್ರಾ-ಶ್ರೀನಗರ ವಂದೇ ಭಾರತ್ ರೈಲು ಮೂರು ಗಂಟೆಯಲ್ಲಿ ತಲುಪಿಸುತ್ತದೆ, ಜಮ್ಮು ವಿಮಾನ ನಿಲ್ದಾಣದಿಂದ ಕಟ್ರಾ ಸುಮಾರು 50 ಕಿ.ಮೀ. ಆ ತಂಡಕ್ಕೆ ಈ ದಾರಿಯನ್ನು ಯಾರೂ ಹೇಳಿರಲಿಲ್ಲ. ಶ್ರೀನಗರದಿಂದ ಮುಂದೆ ತಂಗ್‌ಮಾರ್ಗ್‌ವರೆಗೆ ಮಾಮೂಲಿ ಕಾರು ಸಾಕು. ಅಲ್ಲಿಂದ ಗುಲ್ಮಾರ್ಗ್‌ಗೆ 13 ಕಿ.ಮೀ., ಹಿಮ ಬಿದ್ದಿದ್ದರೆ ಚಕ್ರಕ್ಕೆ ಚೈನ್ ಕಟ್ಟಿದ ಫೋರ್ ವೀಲ್ ಡ್ರೈವ್ ಗಾಡಿ ಬೇಕು. ಸ್ಕೀ ಹಲಗೆಗಳು ಗುಲ್ಮಾರ್ಗ್‌ನಲ್ಲೇ ಬಾಡಿಗೆಗೆ ಸಿಗುತ್ತವೆ, ಅವನ್ನು ಊರಿಂದ ಹೊತ್ತುಕೊಂಡು ಹೋಗಬೇಡಿ. ಅಷ್ಟು ತೂಕಕ್ಕೆ ಇಂಧನ ಹಾಕಿಸಬಹುದು.